ಹಂಫ್ರಿ ಕ್ರಂಪನ ಹೊಟ್ಟೆಯುಬ್ಬರ

ಮಗ್ಗದ ಲಾಳಿ ಕೈಜಾರಿ ತೊಟ್ಟಿಲ ಕೆಳಗೆ ಉರುಳಿತು. ಹಂಫ್ರಿ ಕ್ರಂಪ್ ಬಗ್ಗಿ ಕೈ ಹಾಕಿದ. ಕೈಗೆ ಲಾಳಿ ಬರಲಿಲ್ಲ, ಗಿಳಿಗಳು ಬಂದವು. ಕೆಂಪು ಗಿಳಿಗಳು, ಕೊಂಬೆಗೊಂದು ದಾಳಿಂಬೆ, ಸುತ್ತ ನೀಲಿ ಅಂಚು. ಹಿಂದೂಸ್ಥಾನದಿಂದ ಹಡಗೇರಿ ಬಂದ ಅಪ್ಪಟ ಚೀಟಿ ಬಟ್ಟೆ, ಅಚ್ಚೊತ್ತಿದ ನಯವಾದ ಹತ್ತಿ.

ಬೇರೆಯವರ ಮನೆಯಲ್ಲಾಗಿದ್ದರೆ ಅದು ಬರೀ ಬಟ್ಟೆ. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸಿನ ನೇಕಾರನ ಮನೆಯಲ್ಲಿ, ಅದೂ 1719ರ ಜೂನ್ ತಿಂಗಳಲ್ಲಿ, ತೊಟ್ಟಿಲ ಕೆಳಗೆ ಹಾವು ಸಿಕ್ಕಿದ್ದರೂ ಹಂಫ್ರಿ ಅಷ್ಟು ಹೆದರುತ್ತಿರಲಿಲ್ಲ. ಕಂಪನಿಯ ಹಡಗುಗಳು ಈ ಬಟ್ಟೆಯನ್ನು ತಂದು ಸುರಿದದ್ದೇ ಸುರಿದದ್ದು. ದೊರೆಸಾನಿಯಿಂದ ಹಿಡಿದು ಮೀನು ಮಾರುವವಳವರೆಗೆ ಎಲ್ಲರಿಗೂ ಅದೇ ಬೇಕು, ಇಲ್ಲಿಯ ರೇಷ್ಮೆ ಉಣ್ಣೆಗಳನ್ನು ಕೇಳುವವರಿಲ್ಲ. ಮಗ್ಗಗಳು ನಿಂತವು, ನೇಕಾರರು ಬೀದಿಗಿಳಿದರು. ಚೀಟಿ ಬಟ್ಟೆ ಉಟ್ಟ ಹೆಂಗಸು ಕಂಡರೆ ಸಾಕು, ಅವಳ ಮೇಲೆ ಮಸಿ ಬೀಳುತ್ತಿತ್ತು. ಅದು ಪೌರುಷವೆಂದು ಅವರು ತಿಳಿದಿದ್ದರು, ಪಾಪ.

ಹೋದ ವಾರವಷ್ಟೇ ನೇಕಾರರ ಕೂಟದವರೆಲ್ಲ ಬೈಬಲ್ ಮುಟ್ಟಿ ಆಣೆ ಮಾಡಿದ್ದರು: ಈ ಬಟ್ಟೆ ಯಾರದ್ದೆಂದು ಗೊತ್ತಾದರೆ ಅವರ ಹೆಸರನ್ನು ಎಲ್ಲರೆದುರು ಹೇಳುತ್ತೇವೆ, ಹೆಂಡತಿಯೇ ಆದರೂ ಸರಿ. ಆ 'ಹೆಂಡತಿಯೇ ಆದರೂ ಸರಿ' ಎಂಬ ಮಾತನ್ನು ಸೇರಿಸಿದವನು ಹಂಫ್ರಿಯೇ. ಆಗ ಭಾರೀ ಚಪ್ಪಾಳೆ ಬಿದ್ದಿತ್ತು.

"ಡಾರ್ಕಸ್, ಇದೇನೇ ಇದು?"

ಹೆಂಡತಿ ಬಾಯಲ್ಲಿದ್ದ ಸೂಜಿ ತೆಗೆದಳು. "ಬಟ್ಟೆ ಕಣ್ರೀ. ಹೊಲಿಯೋಕೆ ಬಂದಿದೆ. ನಿಮ್ಮ ಮಗ್ಗ ನಿಂತ ಮೇಲೆ ಒಲೆ ಉರೀತಿರೋದು ನನ್ನ ಸೂಜಿಯಿಂದ, ಮರೀಬೇಡಿ. ಭಾನುವಾರಕ್ಕೆ ಗೌನು ಬೇಕಂತೆ. ಇದು ಆ..."

ಹಂಫ್ರಿ ಎರಡು ಕಿವಿಗೂ ಬೆರಳು ತುರುಕಿದ. "ಹೆಸರು ಹೇಳ್ಬೇಡ. ಗೊತ್ತಾದ್ರೆ ಹೇಳ್ಬೇಕಾಗುತ್ತೆ. ಬೈಬಲ್ ಮುಟ್ಟಿದೀನಿ."

"ಅಯ್ಯೋ, ಯಾರದ್ದು ಅಂತ ಗೊತ್ತಾದ್ರೆ ನೀವೇ..."

"ಗೊತ್ತಾಗೋದೇ ಬೇಡ ನಂಗೆ."

"ಬೇಡ್ವಾ? ಸರಿ. ಆಮೇಲೆ ನನ್ನ ಬೈಬೇಡಿ," ಎಂದು ಡಾರ್ಕಸ್ ಸೂಜಿಗೆ ಮತ್ತೆ ದಾರ ಪೋಣಿಸತೊಡಗಿದಳು.

ಅವನ ಹೆದರಿಕೆಗೆ ಕಾರಣವಿತ್ತು. ಬೀದಿಯ ಮಗ್ಗಗಳಿಗೆಲ್ಲ ನೂಲು ಕೊಡುವವರು ಕೂಟದ ಮುಖಂಡ ಗಿಡಿಯನ್ ಪ್ಲಾಟ್ ಧಣಿಗಳು. ಚೀಟಿ ಬಟ್ಟೆ ಸಿಕ್ಕ ಮನೆಗೆ ಇನ್ನು ಮೇಲೆ ನೂಲಿಲ್ಲ ಎಂದು ಅವರು ಸಾರಿದ್ದರು. ಇಂದು ಮಧ್ಯಾಹ್ನ ಮೈದಾನದಲ್ಲಿ ಸಭೆ, ಅಲ್ಲಿ ಹಂಫ್ರಿಯ ಭಾಷಣ. ಊರಿನಲ್ಲೇ ದೊಡ್ಡ ಗಂಟಲು ಅವನದು. ಚೆನ್ನಾಗಿ ಮಾತಾಡಿದರೆ ಚಳಿಗಾಲ ಪೂರ್ತಿ ರೇಷ್ಮೆ ಕೆಲಸ ಅವನಿಗೇ ಎಂದು ಧಣಿಗಳು ಮಾತು ಕೊಟ್ಟಿದ್ದರು. ಮೂರು ಮಕ್ಕಳ ಹೊಟ್ಟೆ ಆ ಒಂದು ಮಾತಿನ ಮೇಲೆ ನಿಂತಿತ್ತು.

ಅಷ್ಟರಲ್ಲಿ ಗೋಡೆ ಮಾತಾಡಿತು. ಎರಡು ಮನೆಗಳ ನಡುವೆ ಇದ್ದದ್ದು ತೆಳ್ಳನೆಯ ಹಲಗೆ. ಅದರಾಚೆ ಇದ್ದದ್ದು ಟ್ಯಾಬಿತಜ್ಜಿ, ನೇಕಾರನೊಬ್ಬನ ವಿಧವೆ, ಇಡೀ ಬೀದಿಯ ಕಿವಿ.

"ಹಂಫ್ರಿ, ಕೂಟದ ಹುಡುಗ್ರು ಮನೆಮನೆ ಹುಡುಕ್ತಾ ಬರ್ತಿದಾರೆ ಕಣಪ್ಪ. ನಿನ್ನ ಮನೇನೇ ಮೊದ್ಲು ನೋಡಿ ಅಂದಿದೀನಿ. ಭಾಷಣ ಮಾಡೋನ ಮನೆ, ಎಲ್ರಿಗೂ ಮಾದರಿ ಆಗ್ಲಿ ಅಂತ."

"ಒಲೆಗೆ ಹಾಕ್ಬಿಡ್ತೀನಿ," ಎಂದು ಹಂಫ್ರಿ ಪಿಸುಗುಟ್ಟಿದ.

"ಹಾಕಿ ನೋಡಿ. ಸುಟ್ಟ ವಾಸನೆ ಹಿಡ್ಕೊಂಡು ಮೊದ್ಲು ಆ ಅಜ್ಜೀನೇ ಬರ್ತಾಳೆ," ಎಂದಳು ಡಾರ್ಕಸ್.

ಹಂಫ್ರಿ ಅಂಗಿ ಎತ್ತಿ ಗಿಳಿಗಳನ್ನು ಹೊಟ್ಟೆಗೆ ಸುತ್ತಿಕೊಳ್ಳತೊಡಗಿದ. ಸುತ್ತಿದಷ್ಟೂ ಬಟ್ಟೆ ಮುಗಿಯಲೊಲ್ಲದು. ಯಾರ ಗೌನೋ ಏನೋ, ಆಯಮ್ಮನ ಸುತ್ತಳತೆ ಸಾಮಾನ್ಯದ್ದಲ್ಲ. ಕೊನೆಗೆ ಕೋಟಿನ ಗುಂಡಿ ಹಾಕುವಷ್ಟರಲ್ಲಿ ಬಾಗಿಲು ಬಡಿದರು.

ಹುಡುಗರು ತೊಟ್ಟಿಲು ಬಗ್ಗಿ ನೋಡಿದರು, ಹಿಟ್ಟಿನ ಡಬ್ಬಿ ತಡಕಿದರು, ಏನೂ ಸಿಗದೆ ಸಲಾಮು ಹೊಡೆದು ಹೊರಟರು. ಹೋಗದೆ ಉಳಿದವಳು ಅವರ ಹಿಂದೆಯೇ ಒಳಬಂದ ಟ್ಯಾಬಿತಜ್ಜಿ.

"ಅಲ್ಲ ಕಣೋ, ನಿನ್ನೆ ಲಾಳಿ ಥರ ಇದ್ದೆ. ಇವತ್ತು ಹೊಟ್ಟೆ ಮುಂದೆ, ನೀನು ಹಿಂದೆ."

"ವಾಯು, ಅಜ್ಜಿ. ರಾತ್ರಿ ಬಟಾಣಿ ಗಂಜಿ ಜಾಸ್ತಿಯಾಯ್ತು."

"ಬಟಾಣೀನ? ನಿಮ್ಮನೇಲಿ ಮೂರು ದಿನದಿಂದ ಬರೀ ಬ್ರೆಡ್ಡು ಅಂತ ನಂಗೆ ಗೊತ್ತಿಲ್ವಾ? ಇದು ನೀರು ತುಂಬಿರೋದು. ನಮ್ಮೆಜಮಾನ್ರಿಗೂ ಹೀಗೇ ಆಗಿ ಮೂರೇ ದಿನದಲ್ಲಿ ಹೋಗ್ಬಿಟ್ರು. ಕೋಟು ಬಿಚ್ಚು, ಸಾಸಿವೆ ಪಟ್ಟು ಹಾಕ್ತೀನಿ."

"ಬಿಚ್ಚಲ್ಲ."

"ನಾಚ್ಕೊಬೇಡ್ವೋ, ನಿನ್ನ ತೊಳೆದು ಬೆಳೆಸಿದೋಳು ನಾನು."

ಅಜ್ಜಿ ಒಂದು ಗುಂಡಿ ಬಿಚ್ಚಿದರೆ ಹಂಫ್ರಿ ಒಂದು ಗುಂಡಿ ಹಾಕಿದ. ಸುದ್ದಿ ಕೇಳಿ ಬೀದಿಯ ಕ್ಷೌರಿಕ ಕತ್ತಿ ಬಟ್ಟಲು ಹಿಡಿದು ಬಂದ. ಒಂದು ಬಟ್ಟಲು ರಕ್ತ ತೆಗೆದರೆ ಹೊಟ್ಟೆ ತಾನೇ ಇಳಿಯುತ್ತದೆ, ನೆರೆಯವರೆಂದು ಬಿಟ್ಟಿ ಎಂದ. ಆ ಹೊತ್ತಿಗೆ ಪ್ಲಾಟ್ ಧಣಿಗಳೇ ಬಾಗಿಲಿಗೆ ಬರದಿದ್ದರೆ ಗಿಳಿಗಳ ಗತಿ ಅಲ್ಲೇ ಮುಗಿಯುತ್ತಿತ್ತು.

"ಏನಯ್ಯ ಇದು? ಅಲ್ಲಿ ಜನ ಕಾಯ್ತಿದಾರೆ, ನಡಿ," ಎಂದರು ಧಣಿಗಳು. ಹಂಫ್ರಿ ಓಡಿದ. ಹೊಟ್ಟೆಯೂ ಅವನೊಂದಿಗೆ ಕುಲುಕುತ್ತ ಓಡಿತು.

ಮೈದಾನದಲ್ಲಿ ಬೆಂಕಿ ಉರಿಯುತ್ತಿತ್ತು, ಆದರೆ ಸುಡಲು ಚೀಟಿ ಬಟ್ಟೆಯ ಒಂದು ಚೂರೂ ಸಿಕ್ಕಿರಲಿಲ್ಲ. ಜನ ಗೊಣಗುತ್ತಿದ್ದರು. ಹಂಫ್ರಿ ಗಾಡಿಯ ಮೇಲೆ ಹತ್ತಿ ಗಂಟಲು ಬಿಟ್ಟ. ಬಿಸಿಲಿಗೆ ಬೆವರು, ಕೂಗಿಗೆ ಹೊಟ್ಟೆ ಏರಿಳಿತ. "ನಮ್ಮ ಮಕ್ಕಳ ಬಾಯಿಂದ ಬ್ರೆಡ್ಡು ಕಿತ್ಕೊಳ್ತಿರೋದು ಈ ಬಟ್ಟೆ," ಎನ್ನುವಾಗ ಅವನಿಗೆ ನಿಜಕ್ಕೂ ಅಳು ಬಂತು. ಸುಳ್ಳಿನ ನಡುವೆಯೂ ಆ ಮಾತು ನಿಜವಾಗಿತ್ತು.

"ಹಂಫ್ರಿ," ಎಂದು ಕೆಳಗಿನಿಂದ ಟ್ಯಾಬಿತಜ್ಜಿಯ ದನಿ. "ಕೋಟಿನ ಕೆಳಗೆ ಅದೇನೋ ಕೆಂಪು ಗಿಳಿ?"

ಮೈದಾನದ ಕಣ್ಣೆಲ್ಲ ಅವನ ಕೋಟಿನತ್ತ ತಿರುಗಿತು. ಬಟ್ಟೆಯ ತುದಿ ಅವನ ಮೊಣಕಾಲಿನವರೆಗೆ ಇಳಿದಿತ್ತು. ಜೀವ ಬಾಯಿಗೆ ಬಂದರೂ ಹಂಫ್ರಿಯ ಗಂಟಲು ಕೈಕೊಡಲಿಲ್ಲ.

"ಅದನ್ನೇ ತೋರಿಸ್ಬೇಕು ಅಂತ ಕಾಯ್ತಿದ್ದೆ. ಬೆಳಗ್ಗೆ ನಾನೇ ಹಿಡಿದ ಮಾಲು. ನಿಮ್ಮೆದುರೇ ಸುಡೋಣ ಅಂತ ಬಚ್ಚಿಟ್ಟು ತಂದೆ, ನೋಡ್ಕೊಳ್ಳಿ."

ಬುಗುರಿಯಂತೆ ಗಿರಗಿರ ಸುತ್ತಿ ಅಷ್ಟನ್ನೂ ಬಿಚ್ಚಿ ಬೆಂಕಿಗೆ ಎಸೆದ. ಜನ ಹುಚ್ಚೆದ್ದು ಕೂಗಿದರು, ಟೋಪಿಗಳು ಹಾರಿದವು. ಪ್ಲಾಟ್ ಧಣಿಗಳ ಮುಖ ಮಾತ್ರ ಮೊದಲು ಗಿಳಿಯ ಬಣ್ಣಕ್ಕೆ ತಿರುಗಿತು, ಆಮೇಲೆ ಅಂಚಿನ ಬಣ್ಣಕ್ಕೆ.

"ಯಾರದ್ದು ಅದು? ಹೆಸರು ಹೇಳು," ಎಂದಿತು ಗುಂಪು.

"ದೇವರಾಣೆ ನಂಗೆ ಗೊತ್ತಿಲ್ಲ." ಇಡೀ ದಿನದಲ್ಲಿ ಹಂಫ್ರಿ ಇಷ್ಟು ನಿರಾಳವಾಗಿ ಹೇಳಿದ ನಿಜ ಇದೊಂದೇ.

"ಹೆಸರು ಬಿಡ್ರಪ್ಪ, ಹೋಗ್ಲಿ," ಎಂದು ಧಣಿಗಳು ಅವಸರದಿಂದ ಅಡ್ಡ ಬಂದರು. "ಯಾರೋ ಪಾಪದ ಹೆಣ್ಮಗಳು. ಕ್ಷಮಿಸೋಣ." ಧಣಿಗಳ ಬಾಯಲ್ಲಿ ಕ್ಷಮೆಯೆಂಬ ಮಾತನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಜನ ಹಂಫ್ರಿಯನ್ನು ಹೆಗಲ ಮೇಲೆ ಹೊತ್ತು ಮನೆ ಬಾಗಿಲಿಗೆ ತಂದು ಇಳಿಸಿದರು. ಗೆದ್ದ ಕೋಳಿಯಂತೆ ಎದೆ ಸೆಟೆಸಿ ಒಳಹೋದ.

"ಬಟ್ಟೆ ಎಲ್ರೀ?" ಎಂದಳು ಡಾರ್ಕಸ್.

"ಸುಟ್ಟೆ ಕಣೇ. ಎಲ್ಲರೆದುರು ಸುಟ್ಟೆ. ರೇಷ್ಮೆ ಕೆಲಸ ನಂದೇ ಇನ್ನು."

ಡಾರ್ಕಸ್ ಮೆಲ್ಲಗೆ ಕುಳಿತಳು. "ಈಗಲಾದ್ರೂ ಹೆಸರು ಹೇಳ್ಲಾ?"

ಹೇಳುವ ಅಗತ್ಯ ಬೀಳಲಿಲ್ಲ. ಆ ಹೆಸರಿನವಳ ಗಂಡನೇ ಬಾಗಿಲು ತಳ್ಳಿ ಒಳಬಂದು ಚಿಲಕ ಹಾಕಿಕೊಂಡ. ಪ್ಲಾಟ್ ಧಣಿಗಳು.

"ಈ ಬೀದೀಲಿ ಯಾರೂ ಅನುಮಾನ ಪಡದ ಮನೆ ನಿಂದು ಅಂತ ಇಲ್ಲಿಗೆ ಕಳಿಸಿದ್ನಲ್ಲೋ," ಎಂದು ಅವರು ಹಲ್ಲು ಕಡಿದರು. "ಭಾನುವಾರ ತಂಗಿ ಮನೇಲಿ ಉಟ್ಕೋಬೇಕು ಅಂತ ನನ್ನ ಹೆಂಡ್ತಿ ವರ್ಷದಿಂದ ಜೀವ ತಿಂದು ತರಿಸಿದ್ದು."

ಹಂಫ್ರಿಯ ದೊಡ್ಡ ಗಂಟಲಿನಿಂದ ಪಿಸುದನಿ ಹೊರಟಿತು. "ಧಣಿ, ಆಣೆ ಮಾಡಿದೀನಿ. ಹೆಸರು ಗೊತ್ತಾದ ಮೇಲೆ..."

"ಹೇಳು, ಧಾರಾಳವಾಗಿ ಹೇಳು. ಅದನ್ನ ಹೊಲೀತಿದ್ದೋಳು ಯಾರು ಅಂತ ನಾನೂ ಹೇಳ್ತೀನಿ. ನೂಲು ಕೊಡೋನು ಯಾರು ಅಂತ ನೀನು ನೆನಪಿಟ್ಕೋ."

ಹಂಫ್ರಿ ತಲೆ ಬಗ್ಗಿಸಿದ.

"ನಾಳೆ ಬೆಳಗ್ಗೆ ವ್ಯಾಪಿಂಗ್ ಹಡಗುಕಟ್ಟೆಗೆ ಹೋಗು. ಹಳದಿ ಗಡ್ಡದ ನಾವಿಕ ಒಬ್ಬ ಇರ್ತಾನೆ. ಇದೇ ಗಿಳಿ, ಇದೇ ದಾಳಿಂಬೆ. ಅಂಚು ನೀಲಿ, ಹಸಿರು ತಂದ್ರೆ ಅವಳು ಮುಟ್ಟಲ್ಲ. ನನ್ನ ಹೆಸರಲ್ಲಿ ಸಾಲಕ್ಕೆ ಕೊಡ್ತಾನೆ. ಚಳಿಗಾಲದ ಕೆಲಸ ನಿಂಗೇ, ಮಾತು ಕೊಟ್ಟಿದೀನಿ, ತಪ್ಪಲ್ಲ. ನೂಲು ಬರುತ್ತೆ. ಬಟ್ಟೆ ದುಡ್ಡು ತೀರೋವರೆಗೆ ಕೂಲಿ ಬರಲ್ಲ."

ಧಣಿಗಳು ಆಚೀಚೆ ನೋಡಿ ಹಿಂದಿನ ಗಲ್ಲಿಗೆ ಇಳಿದು ಹೋದರು. ಹಂಫ್ರಿ ಮಗ್ಗದ ಮುಂದೆ ಕುಸಿದ. ಚಳಿಗಾಲವೆಲ್ಲ ರೇಷ್ಮೆ ನೇಯ್ದು ಚೀಟಿ ಬಟ್ಟೆಯ ಸಾಲ ತೀರಿಸುವ ಭಾಗ್ಯ ಸ್ಪಿಟಲ್‌ಫೀಲ್ಡ್ಸಿನಲ್ಲಿ ಅವನೊಬ್ಬನಿಗೇ ಒಲಿದಿತ್ತು. ಡಾರ್ಕಸ್ ಬೈಯಲಿಲ್ಲ. ಪಕ್ಕಕ್ಕೆ ಬಂದು ಅವನ ಕೋಟಿಗೆ ಅಂಟಿದ್ದ ಬೂದಿ ಕೊಡವಿದಳು.

ಆಗ ಗೋಡೆಯ ಹಲಗೆಯನ್ನು ಯಾರೋ ಮೆಲ್ಲಗೆ ಕುಟ್ಟಿದರು.

"ಹಂಫ್ರಿ," ಎಂದು ಟ್ಯಾಬಿತಜ್ಜಿ ತುಂಬ ಸಣ್ಣ ದನಿಯಲ್ಲಿ ಕರೆದಳು. "ಹೇಗೂ ಹೋಗ್ತಿದೀಯಲ್ಲ ಮಗ, ನಂಗೂ ಒಂದು ಲಂಗಕ್ಕಾಗೋಷ್ಟು ತಂದ್ಬಿಡು. ಹಸಿರಂಚು ಆದ್ರೂ ಪರವಾಗಿಲ್ಲ."

ಹಂಫ್ರಿ ಎರಡು ಕಿವಿಗೂ ಬೆರಳು ತುರುಕಿದ. ಆದರೆ ಈ ಸಲ ಪೂರ್ತಿ ಕೇಳಿಸಿಯಾಗಿತ್ತು.