ಕೊಸರು ಕೊಡಲೊಲ್ಲದ ಎಣ್ಣೆ ಯಂತ್ರದ ಸನ್ನಿಧಿಗೆ

ಮಾನ್ಯ ಯಂತ್ರ ಮಹಾಶಯರೇ,

ನವೋತಾಸ್ ಬಂದರಿನ ಹಿಂಬದಿಯ ತಲಬಾ ಗಲ್ಲಿಯಲ್ಲಿ ಅಂಗೈಯಗಲದ ಗೂಡಂಗಡಿ ಇಟ್ಟುಕೊಂಡಿರುವ ಪೆರ್ಪೆತುವಾ ಎಂಬ ನಾನು, ಅಂದರೆ ಗಲ್ಲಿಯವರ ಬಾಯಲ್ಲಿ ಅಲಿಂಗ್ ಪೆತಾಂಗ್, ಎಂದರೆ ಪೆತಾಂಗಕ್ಕ, ಆಗಿರುವವಳು, ತಮ್ಮ ನಲ್ಲಿಗೂ ನಾಣ್ಯದ ಕಿಂಡಿಗೂ ಬೇರೆ ಬೇರೆಯಾಗಿ ನಮಸ್ಕರಿಸಿ ಬರೆಯುವುದೇನೆಂದರೆ, ನಾವೆಲ್ಲ ಇಲ್ಲಿ ತಮ್ಮ ದಯೆಯಿಂದ ಇನ್ನೂ ಉಸಿರಾಡುತ್ತಿದ್ದೇವೆ, ತಮ್ಮ ಕ್ಷೇಮಕ್ಕೂ ನನ್ನ ಮೀಟರಿನಿಂದಲೇ ಹಗಲಿರುಳು ಕರೆಂಟು ಹೋಗುತ್ತಿದೆ. ತಾವು ನನ್ನ ಕಿಟಕಿಯಿಂದ ಮೊಳದಷ್ಟು ದೂರದಲ್ಲೇ ನಿಂತಿರುವಾಗ ಕೂಗಿ ಹೇಳಬಹುದಿತ್ತಲ್ಲ ಎಂದು ತಮಗೆ ಅನ್ನಿಸಬಹುದು. ಕೂಗಿ ನೋಡಿದ್ದಾಯಿತು ಸ್ವಾಮೀ, ಗಂಟಲು ಹರಿಯುವಷ್ಟು ಕೂಗಿದ್ದಾಯಿತು. ನಾಣ್ಯ ಬೀಳದೆ ತಾವು ಯಾರಿಗೂ ಓಗೊಡುವವರಲ್ಲ ಎಂದು ಖಾತ್ರಿಯಾದ ಮೇಲೆ ಈ ಬಹಿರಂಗ ಪತ್ರ ಬರೆದು ತಮ್ಮ ಹೊಟ್ಟೆಗೇ ಅಂಟಿಸುತ್ತಿದ್ದೇನೆ. ಹೋಗಿ ಬರುವವರೂ ನಿಂತು ಓದಿಕೊಳ್ಳಲಿ.

ಮೊದಲಿಗೆ ತಮ್ಮ ಉಪಕಾರವನ್ನು ಸ್ಮರಿಸಬೇಕು. ತಾವು ಬಂದ ಕೆಲವೇ ತಿಂಗಳಲ್ಲಿ ನಮ್ಮ ಗಲ್ಲಿಯ ಬಡತನವನ್ನು ಬುಡಸಮೇತ ಕಿತ್ತುಹಾಕಿದಿರಿ, ಎಷ್ಟು ಚೊಕ್ಕಟವಾಗಿ ಕಿತ್ತಿರೆಂದರೆ ಅದು ಹೋದದ್ದು ನಮಗೇ ಗೊತ್ತಾಗಲಿಲ್ಲ, ಬಿರುಗಾಳಿಯ ತಿಂಗಳಲ್ಲಿ ದೋಣಿಗಳು ದಡದಲ್ಲೇ ಕಟ್ಟಿ ನಿಂತಾಗ ವಾರ್ಡಿನವರು ಮನೆಗಿಷ್ಟು ಎಂದು ಹಂಚುತ್ತಿದ್ದ ಅಕ್ಕಿ ನಮ್ಮ ಗಲ್ಲಿಯ ಬಾಯಿಗೆ ಬಂದು ಹಾಗೇ ಮುಂದಕ್ಕೆ ಹೋದಾಗಲೇ ಗೊತ್ತಾಗಿದ್ದು. ಆ ಅಕ್ಕಿಯ ವಿಷಯಕ್ಕೇ ಈ ಪತ್ರ.

ತಾವು ಬರುವ ಮುಂಚೆ ನನ್ನ ಅಂಗಡಿಯಲ್ಲಿ ಒಂದು ಎಣ್ಣೆ ಡ್ರಮ್ಮು, ಒಂದು ಸೌಟು, ಐಸ್‌ ತುಂಬುವ ತೆಳು ಪ್ಲಾಸ್ಟಿಕ್ ಚೀಲದ ಕಟ್ಟು ಇದ್ದವು. ಬೆಳಕು ಹರಿಯುವ ಹೊತ್ತಿಗೆ ಚೋಲೆಂಗ್ ಬರುತ್ತಿದ್ದಳು. ಈಕೆ ಸಕ್ಕರೆ ಸವರಿದ ಬಾಳೆಹಣ್ಣನ್ನು ಎಣ್ಣೆಯಲ್ಲಿ ಕರಿದು ಕಡ್ಡಿಗೆ ಚುಚ್ಚಿ ಬಂದರಿನ ಗೇಟಿನಲ್ಲಿ ಮಾರುವವಳು, ಗಂಡ ದೋಣಿಯ ಮೇಲೆ, ಮೂರು ಮಕ್ಕಳು ಮನೆಯಲ್ಲಿ. ನಾನು ಅವಳ ಚೀಲಕ್ಕೆ ಅಳತೆಯ ಸೌಟು ಸುರಿದು, ಅವಳು ಚೀಲದ ಬಾಯಿ ಕಟ್ಟದೆ ನನ್ನ ಮುಖವನ್ನೇ ನೋಡುತ್ತ ನಿಂತಿರುವಾಗ, "ತಗೊಳ್ಳೇ, ಕೊಸರು" ಎಂದು ಅರ್ಧ ಸೌಟು ಮೇಲೆ ಹಾಕುತ್ತಿದ್ದೆ, ದುಡ್ಡನ್ನು ಅವಳು ಹಣ್ಣು ಮಾರಿ ಬಂದು ಸಂಜೆಗೆ ಕೊಡುತ್ತಿದ್ದಳು. ನಮ್ಮಲ್ಲಿ ಕೊಸರು ಬೀಳದೆ ಚೀಲದ ಬಾಯಿ ಕಟ್ಟುವ ಹೆಂಗಸು ಇಲ್ಲ. ಬೆಳ್ಳುಳ್ಳಿಯ ಒಂದೇ ಎಸಳು ಕೊಂಡವಳಿಗೂ ಒಣಗಿದ ಇನ್ನೊಂದು ಚೂರು ಮೇಲೆ ಬೀಳಬೇಕು, ಇಲ್ಲವಾದರೆ ವ್ಯಾಪಾರ ಮುಗಿದಿಲ್ಲವೆಂದೇ ಲೆಕ್ಕ. ನಾನೇನೂ ಪುಣ್ಯಕ್ಕೆ ಅಂಗಡಿ ಇಟ್ಟವಳಲ್ಲ ಮಹಾಶಯರೇ, ಲಾಭಕ್ಕೇ ಇಟ್ಟವಳು; ಆ ಅರ್ಧ ಸೌಟಿನಿಂದಲೇ ಚೋಲೆಂಗ್ ಮಾರನೆಯ ದಿನವೂ ನನ್ನ ಕಿಟಕಿಗೇ ಬರುತ್ತಿದ್ದಳು, ನನ್ನ ಒಲೆಯೂ ಅವಳ ಒಲೆಯೂ ಎರಡೂ ಉರಿಯುತ್ತಿದ್ದವು.

ಹೀಗಿರುವಾಗ ತಮ್ಮ ಕಂಪನಿಯ ಸರ್ ಜೆರಿಕ್ ಎಂಬ ಇಸ್ತ್ರಿ ಅಂಗಿಯ ಯುವಕರು ಗಲ್ಲಿಗೆ ದಯಮಾಡಿಸಿ, ಹೆಂಗಸರೆಲ್ಲ ಚಿಕ್ಕ ಚಿಕ್ಕ ಚೀಲದಲ್ಲಿ ಎಣ್ಣೆ ಒಯ್ಯುವುದನ್ನು ಬೆಳಗಿನಿಂದ ಕೂತು ನೋಡಿ, ಬಡವರಿಗೆ ಎಲ್ಲವೂ ಚಿಕ್ಕದಾಗಿದ್ದರೇ ಇಷ್ಟ ಎಂಬ ಮಹಾಸತ್ಯವನ್ನು ಕಂಡುಹಿಡಿದರು. ಕೈಯಲ್ಲಿ ಕಾಸು ಚಿಕ್ಕದಾದ್ದರಿಂದ ಚೀಲವೂ ಚಿಕ್ಕದು ಎಂದುಕೊಂಡಿದ್ದ ನಮಗೆ, ಅಯ್ಯೋ, ಇದು ನಮ್ಮ ಅಭಿರುಚಿ ಎಂದು ಅಂದೇ ತಿಳಿದು ಬಹಳ ಹೆಮ್ಮೆಯಾಯಿತು. "ಅಲಿಂಗ್, ಬಡವರಿಗೆ ಮಾರಿ ಲಾಭಾನೂ ಮಾಡಬಹುದು, ಅವರ ಬಡತನಾನೂ ಕಳೀಬಹುದು, ಎರಡೂ ಒಂದೇ ನಲ್ಲಿಯಿಂದ" ಎಂದು ಅವರು ಹೇಳುವಾಗ ಅವರ ಕಣ್ಣಲ್ಲಿ ನೀರಾಡಿದ್ದನ್ನು ನಾನೇ ನೋಡಿದ್ದೇನೆ. ಆ ಹುಡುಗನ ಮನಸ್ಸಿನಲ್ಲಿ ಕಲ್ಮಷವಿರಲಿಲ್ಲ, ತಲೆಯಲ್ಲಿ ಇತ್ತೋ ಏನೋ ಹೇಳಲಾರೆ. ಡ್ರಮ್ಮಿನ ಎಣ್ಣೆ ಆರೋಗ್ಯಕ್ಕೆ ಕೆಟ್ಟದ್ದೆಂದು ಅದನ್ನು ಹೊತ್ತೊಯ್ದರು. ತಮ್ಮನ್ನು ಪ್ರತಿಷ್ಠಾಪಿಸಿದರು. ತಮ್ಮನ್ನು ಬೇಡವೆಂದರೆ ಕಂಪನಿಯ ಎಣ್ಣೆ ಲಾರಿ ನನ್ನ ಅಂಗಡಿಯ ಕಡೆ ತಲೆಯನ್ನೂ ಹಾಕುವುದಿಲ್ಲ ಎಂಬ ಪ್ರೀತಿಯ ಷರತ್ತಿಗೆ ನಾನು ಸಹಿ ಹಾಕಿದೆ.

ತಮ್ಮ ರೂಪವನ್ನು ಏನೆಂದು ಬಣ್ಣಿಸಲಿ! ಹಣೆಯ ಮೇಲೆ ನಮ್ಮ ಮಾತಿನಲ್ಲಿ 'ಗೆಳೆಯ' ಎಂಬ ಹೆಸರು, ಎದೆಯಲ್ಲಿ ನಾಣ್ಯದ ಕಿಂಡಿ, ಹೊಕ್ಕುಳಲ್ಲಿ ನಲ್ಲಿ, ನೆತ್ತಿಯ ಮೇಲೆ 'ಬಡತನದಿಂದ ಮೇಲೆ ಬಂದ ಕುಟುಂಬಗಳು' ಎಂಬ ಬರಹದಡಿ ಕೆಂಪಗೆ ಉರಿಯುವ ಮೂರು ಅಂಕಿಗಳ ಜಾಗ. ಒಮ್ಮೆ ಎಣ್ಣೆ ಕೊಟ್ಟರೆ ಒಂದು ಕುಟುಂಬ ಮೇಲೆ ಬಂದಂತೆ. ಐದು ಪೆಸೊ ಹಾಕಿದರೆ ತಾವು ಗುರ್ರೆಂದು, ಕಂಪನಿ ಹೇಳಿದಷ್ಟು, ಒಂದು ಹನಿ ಹೆಚ್ಚಿಲ್ಲದೆ ಸುರಿಸಿ ನಿಲ್ಲುತ್ತಿದ್ದಿರಿ. ಕೊಸರು? ಊಹೂಂ. ಸಂಜೆ ಕೊಡುತ್ತೇನೆಂದರೆ? ಕಲ್ಲು. ಮೊದಲ ದಿನವೇ ಚೋಲೆಂಗ್ ತಮ್ಮ ಮುಂದೆ ಬಾಯಿ ಕಟ್ಟದ ಚೀಲ ಹಿಡಿದು ಎಷ್ಟೋ ಹೊತ್ತು ನಿಂತಿದ್ದಳು, ತಮ್ಮ ಮುಖದಲ್ಲಿ ಯಾವ ಭಾವವೂ ಹುಟ್ಟಲಿಲ್ಲ. "ಇವನೆಂಥ ಗೆಳೆಯ ಅಲಿಂಗ್, ಅಳಿಯನಿಗಿಂತ ಬಿಗಿ ಇದಾನಲ್ಲ!" ಎಂದು ಅವಳು ನಗಾಡಿದಳು. ನಕ್ಕಳು ನಿಜ, ಅವತ್ತು ಅವಳ ಬಾಣಲೆಗೆ ಎಣ್ಣೆ ಸಾಲದೆ ಅರ್ಧ ಹಣ್ಣು ಹಸಿಯಾಗಿಯೇ ಉಳಿಯಿತು.

ಆಗ ದಾರಿ ತೋರಿಸಿದವರು ನಮ್ಮ ಲೋಲಾ ಸೆಪಾ, ಗಲ್ಲಿಗೆಲ್ಲ ಅಜ್ಜಿ. ತಾವು ಸುರಿಸಿ ಮುಗಿಸಿದ ಮೇಲೂ ನಲ್ಲಿಯ ತುದಿಯಲ್ಲಿ ಎರಡು ಹನಿ ನೇತಾಡುತ್ತ ಇರುವುದನ್ನು ಆಕೆ ಕಂಡುಹಿಡಿದು, "ಎಲ ಎಲಾ, ನನ್ನ ಕೊಸರನ್ನ ಅಲ್ಲಿ ಬಚ್ಚಿಟ್ಟಿದೀಯಾ" ಎಂದು ನಲ್ಲಿಯನ್ನು ಬೆರಳ ಗೆಣ್ಣಿನಿಂದ ಟಕಟಕ ತಟ್ಟಿದರು. ಹನಿ ಬಿತ್ತು. ಅವತ್ತಿನಿಂದ ಗಲ್ಲಿಯ ಒಬ್ಬ ಹೆಂಗಸೂ ತಟ್ಟದೆ ಮನೆಗೆ ಹೋಗಲಿಲ್ಲ. ಒಬ್ಬಳು ಎರಡು ಸಲ ತಟ್ಟಿದರೆ ಹಿಂದಿನವಳು ಮೂರು ಸಲ ತಟ್ಟುತ್ತಿದ್ದಳು, ಆಚೆಯವಳು ರೋಸರಿ ಮಣಿ ಎಣಿಸುವ ಭಕ್ತಿಯಲ್ಲಿ ತಟ್ಟುತ್ತಲೇ ನಿಂತಿರುತ್ತಿದ್ದಳು, ಸಾಲು ಬೀದಿ ತಿರುವಿನವರೆಗೆ ಬೆಳೆಯುತ್ತಿತ್ತು. ತಮ್ಮ ನಲ್ಲಿ ಒಮ್ಮೆ ಅಲುಗಿದರೆ ಒಂದು ವ್ಯಾಪಾರ, ಒಂದು ವ್ಯಾಪಾರವೆಂದರೆ ಒಂದು ಕುಟುಂಬ ಎಂದು ತಮ್ಮ ಮಿದುಳನ್ನು ಜೋಡಿಸಿದ್ದಾರೆಂಬುದು ಆ ಪಾಪದ ಹೆಂಗಸರಿಗೆ ಹೇಗೆ ಗೊತ್ತಾಗಬೇಕು? ಅವರು ಹನಿಗಾಗಿ ತಟ್ಟುತ್ತ ಹೋದರು, ನೆತ್ತಿಯ ಮೇಲೆ ಕುಟುಂಬಗಳು ಬಡತನದಿಂದ ಮೇಲೆ ಮೇಲೆ ಬರುತ್ತಲೇ ಹೋದವು. ನಮ್ಮ ಗಲ್ಲಿಯಲ್ಲಿ ಇರುವುದು ಐವತ್ತು ಮನೆ ಇದ್ದರೆ ಹೆಚ್ಚು. ತಾವು ಅಷ್ಟರಲ್ಲಿ ಏಳುನೂರು ಕುಟುಂಬಗಳನ್ನು ಉದ್ಧಾರ ಮಾಡಿದ್ದಿರಿ.

ನಾನು ಸರ್ ಜೆರಿಕ್‌ಗೆ ವಿಷಯ ತಿಳಿಸಿದೆ. ಅವರು ಮುಖ ಸಪ್ಪಗೆ ಮಾಡಿಕೊಂಡು, "ಅಲಿಂಗ್, ದಯವಿಟ್ಟು ಸುಮ್ನಿರಿ, ಮೇಲಿನವರು ತುಂಬಾ ಖುಷಿಯಾಗಿದಾರೆ, ಆ ಅಂಕಿ ಏರೋದಷ್ಟೇ, ಇಳಿಸೋ ಗುಂಡಿ ಇಟ್ಟೇ ಇಲ್ಲ" ಎಂದರು. ಮೇಲಿನವರು ಆ ಅಂಕಿಯನ್ನು ವಾರ್ಡಿನ ಮುಖ್ಯಸ್ಥರಾದ ಕಪಿತಾನ್ ದೊಮೆಂಗ್‌ಗೆ ಚೌಕಟ್ಟು ಹಾಕಿಸಿ ಕೊಟ್ಟರು, ಕಪಿತಾನರು ಆ ಚೌಕಟ್ಟಿಗೆ ಮೊಳೆ ಹೊಡೆದು ನೇತುಹಾಕಿ, ಅದೇ ಕೈಯಲ್ಲಿ ನಮ್ಮ ಗಲ್ಲಿಯ ಹೆಸರನ್ನು ಅಕ್ಕಿಯ ಪಟ್ಟಿಯಿಂದ ಹೊಡೆದುಹಾಕಿದರು. ನಾನೂ ಚೋಲೆಂಗೂ ಹೋಗಿ ಕೇಳಿದೆವು. "ಮಷೀನು ಸುಳ್ಳು ಹೇಳುತ್ತೇನಮ್ಮಾ? ಮನುಷ್ಯರು ಹೇಳ್ತಾರೆ. ಅದು ಏನು ತೋರಿಸುತ್ತೋ ನಾನು ಅದರಂತೆ ನಡೆಯೋನು" ಎಂದು ಕಪಿತಾನರು ಹತ್ತು ಜನರೆದುರು ಎದೆಯ ಮೇಲೆ ಕೈಯಿಟ್ಟು ಹೇಳಿದರು. ಬಡತನದಿಂದ ಮೇಲೆ ಬಂದಿದ್ದ ಚೋಲೆಂಗ್ ಅವತ್ತು ಮಾರಾಟವಾಗದೆ ಉಳಿದ ಬಾಳೆಹಣ್ಣನ್ನೇ ಮಕ್ಕಳಿಗೆ ಬೇಯಿಸಿ ಹಾಕಿದಳು, ಮಾರನೆಯ ದಿನವೂ ಅದೇ. ಗಂಡ ದಡದಲ್ಲಿ ಬಲೆಯ ತೂತು ಹೊಲಿಯುತ್ತ ಕೂತಿದ್ದ, ಹೊರಗೆ ಗಾಳಿ. ಅವಳ ಚಿಕ್ಕ ಮಗಳು ನನ್ನ ಕಿಟಕಿಗೆ ಬಂದು "ಅನ್ನ ಇದೆಯಾ" ಎಂದು ಕೇಳಿದಾಗ ತಮ್ಮನ್ನು ಒದ್ದುಬಿಡಬೇಕು ಅನ್ನಿಸಿತು ಮಹಾಶಯರೇ. ಒದ್ದರೆ ಇನ್ನೊಂದು ಕುಟುಂಬ ಮೇಲೆ ಬರುತ್ತದಲ್ಲ ಎಂದು ಕಾಲು ಹಿಂದಕ್ಕೆ ತೆಗೆದುಕೊಂಡೆ.

ಆಗಲೇ ತಮ್ಮಲ್ಲಿ ಒಂದು ವಿನಂತಿ ಮಾಡಿಕೊಂಡದ್ದು ತಮಗೆ ನೆನಪಿರಬಹುದು. ದಯಮಾಡಿ ನಮ್ಮನ್ನು ಸ್ವಲ್ಪ ಕಾಲ ಮತ್ತೆ ಬಡವರನ್ನಾಗಿ ಮಾಡಿ, ಬೇಕಿದ್ದರೆ ಗಾಳಿ ನಿಂತು ದೋಣಿಗಳು ಹೊರಟ ಮೇಲೆ ಪುನಃ ಎತ್ತಿಕೊಳ್ಳಿ ಎಂದು ಕೈಮುಗಿದು ಬೇಡಿಕೊಂಡೆ, ಐದು ಪೆಸೊ ಹಾಕಿಯೂ ಬೇಡಿಕೊಂಡೆ. ತಾವು ಎಣ್ಣೆ ಕೊಟ್ಟಿರಿ.

ಇಷ್ಟರಲ್ಲಿ ಕಂಪನಿ ಸಮಾರಂಭ ಇಟ್ಟುಕೊಂಡಿತು. ಗಲ್ಲಿಯ ಅಡ್ಡಕ್ಕೆ ಬ್ಯಾನರು, ಬಾಡಿಗೆಯ ಕುರ್ಚಿ, ಮೈಕು, ಹಂದಿಮಾಂಸದ ಊಟದ ಪೊಟ್ಟಣ, ಮುಖ್ಯ ಕಚೇರಿಯಿಂದ ಬಿಳಿ ಬೂಟಿನ ಮೇಡಂ, ಅವರ ಪಕ್ಕದಲ್ಲಿ ಕಪಿತಾನರು. ನನಗೆ ಒಂದು ಫಲಕ ಕೊಡುವುದು, ನಾನು ಗಲ್ಲಿಯ ಪರವಾಗಿ ಕೃತಜ್ಞತೆ ಹೇಳುವುದು ಎಂದು ಗೊತ್ತಾಗಿತ್ತು. ನಿಜ ಹೇಳಿದರೆ ಎಣ್ಣೆಯ ಲಾರಿ ನಿಲ್ಲುತ್ತದೆ, ನನ್ನ ಅಂಗಡಿ ಮುಚ್ಚುತ್ತದೆ. ಹೇಳದಿದ್ದರೆ ಗಲ್ಲಿಯ ಅಕ್ಕಿ ಹೋದದ್ದು ಹೋದಂತೆಯೇ. ಇನ್ನೂ ಬಾಯಿ ತೆರೆಯದೆ ನಾನು ಮೈಕಿನ ಮುಂದೆ ನಿಂತಿದ್ದಾಗ ಮೇಡಂ ಅವರು ಪ್ರಾತ್ಯಕ್ಷಿಕೆಗೆಂದು ತಮ್ಮ ಎದೆಯ ಕಿಂಡಿಗೆ ನಾಣ್ಯ ಹಾಕಿದರು, ತಾವು ಗುರ್ರೆಂದಿರಿ, ಅಂಕಿ ಒಂಬೈನೂರ ಅರವತ್ತಕ್ಕೆ ಏರಿತು, ಎಲ್ಲರೂ ಚಪ್ಪಾಳೆ ತಟ್ಟಿದರು, ಮೇಡಂ ಚೀಲ ತೆಗೆದುಕೊಂಡು ಹೊರಟೇಬಿಟ್ಟರು. ನಲ್ಲಿಯಲ್ಲಿ ಎರಡು ಹನಿ ಹಾಗೇ ನೇತಾಡುತ್ತಿದ್ದವು.

ಲೋಲಾ ಸೆಪಾಗೆ ಅದನ್ನು ನೋಡಿಕೊಂಡು ಕೂರುವುದು ಆಗಲಿಲ್ಲ. "ಏ ಹುಡುಗೀ, ಕೊಸರು ಬಿಟ್ಟು ಹೋಗ್ತೀಯಲ್ಲೇ, ಅಮ್ಮ ಕಲಿಸಲಿಲ್ವಾ" ಎನ್ನುತ್ತ ಎದ್ದುಬಂದು ಟಕಟಕ ತಟ್ಟಿದರು. ಒಂಬೈನೂರ ಅರವತ್ತೆರಡು. ಮೇಡಂ ನಗು ಅರ್ಧಕ್ಕೇ ನಿಂತಿತು, ಸರ್ ಜೆರಿಕ್ ಆಕಾಶ ನೋಡಿದರು. ನಾನು ಮಾತ್ರ ತಮ್ಮ ನೆತ್ತಿ ನೋಡಿದೆ. ಇಷ್ಟು ದಿನ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದ್ದರೂ ಹೊಳೆಯದ್ದು ಆಗ ಹೊಳೆಯಿತು: ಅಲ್ಲಿ ಇರುವುದು ಮೂರೇ ಅಂಕಿಗಳ ಜಾಗ. ಬಡವರು ಸಾವಿರದವರೆಗೂ ಉದ್ಧಾರವಾದಾರು ಎಂದು ತಮ್ಮನ್ನು ಮಾಡಿದವರೇ ನಂಬಿರಲಿಲ್ಲ ನೋಡಿ!

"ಚೋಲೆಂಗ್, ಬಾರೇ, ತಟ್ಟೇ!" ಎಂದು ನಾನು ಮೈಕಿನಲ್ಲೇ ಕೂಗಿಬಿಟ್ಟೆ. ಅವಳಿಗೆ ಏಕೆಂದು ತಿಳಿಯಲಿಲ್ಲ, ಆದರೆ ಹೊಟ್ಟೆಯ ಉರಿ ಕೈಗೆ ದಾರಿ ತೋರಿಸಿತು. ಅವಳ ಹಿಂದೆ ಗಲ್ಲಿಯ ಹೆಂಗಸರೆಲ್ಲ ಎದ್ದು ಬಂದು ಸರದಿಯ ಮೇಲೆ ತಟ್ಟಿದರು, ಮೇಡಂ "ಸ್ಟಾಪ್" ಎನ್ನುವಷ್ಟರಲ್ಲಿ ತಾವು ಒಂಬೈನೂರ ತೊಂಬತ್ತೊಂಬತ್ತು ಕುಟುಂಬಗಳನ್ನು ಎತ್ತಿ ಹಿಡಿದು ಒಂದು ಕ್ಷಣ ತಡವರಿಸಿ, ಮುಂದಿನ ಏಟಿಗೆ ಮೂರು ಸೊನ್ನೆ ತೋರಿಸಿದಿರಿ. "ಕೈ ತೆಗೀರಿ! ಯಾರೂ ಮುಟ್ಬೇಡಿ!" ಎಂದೆ. ಆಮೇಲೆ ನಾನು ಕಪಿತಾನರ ಕಡೆ ತಿರುಗಿ ಬಹಳ ವಿನಯದಿಂದ, "ಕಪಿತಾನ್, ಮಷೀನು ಸುಳ್ಳು ಹೇಳಲ್ಲ ಅಂದಿದ್ರಲ್ಲ, ಏನು ತೋರಿಸ್ತಾ ಇದೆ ಸ್ವಲ್ಪ ಜೋರಾಗಿ ಓದಿ ಹೇಳಿ" ಎಂದೆ, ಮೈಕನ್ನೂ ಅವರ ಬಾಯಿಗೇ ಹಿಡಿದೆ. ಅವರು ಸುತ್ತ ಕೂತ ಅಷ್ಟೂ ಓಟುಗಳನ್ನು ಒಮ್ಮೆ ನೋಡಿ, ಬೆವರು ಒರೆಸಿಕೊಂಡು, ಓದಿದರು. ಆ ವಾರವೇ ಅಕ್ಕಿ ಬಂತು. ಚೋಲೆಂಗ್‌ಳ ಚಿಕ್ಕ ಮಗಳು ಅನ್ನ ಮೆತ್ತಿದ ಬಾಯಲ್ಲೇ ಬಂದು ನನ್ನ ಕಿಟಕಿಯಲ್ಲಿ ಹಲ್ಲು ಕಿರಿದು ಹೋದಳು. ನಾನು ಅತ್ತೆ, ಅದನ್ನೇನು ಮುಚ್ಚಿಡುವುದು.

ನಿರೀಕ್ಷೆಯಂತೆ ಕಂಪನಿಯ ಲಾರಿ ನಿಂತಿತು. ನಾನು ಫಲಕವನ್ನು ಹಳೇ ಸಾಮಾನಿನವನಿಗೆ ತೂಕಕ್ಕೆ ಹಾಕಿ, ಕಡಿಮೆ ಬಿದ್ದದ್ದನ್ನು ಕೈಯಿಂದ ಸೇರಿಸಿ ಸಂತೆಯಿಂದ ಒಂದು ಡ್ರಮ್ಮು ಉರುಳಿಸಿಕೊಂಡು ಬಂದಿದ್ದೇನೆ, ಸೌಟು ಮೊಳೆಯಿಂದ ಇಳಿದಿದೆ. ತಮ್ಮನ್ನು ಮಾತ್ರ ಅವರು ಒಯ್ಯುತ್ತಿಲ್ಲ, ಒಯ್ದರೆ ಬಡತನ ಹಿಂದಕ್ಕೆ ಬಂತೆಂದು ವರ್ಷದ ವರದಿಯಲ್ಲಿ ಬರೆಯಬೇಕಾಗುತ್ತದಂತೆ. ಆದ್ದರಿಂದ ತಾವು ಸುಖವಾಗಿ ಇಲ್ಲೇ ಇರಿ. ಇನ್ನು ಯಾವುದಾದರೂ ಗಲ್ಲಿಯ ಉದ್ಧಾರಕ್ಕೆ ತಮ್ಮನ್ನು ಕರೆದರೆ, ಹೋಗುವ ಮುನ್ನ ನನ್ನ ಕಿಟಕಿಗೆ ಬಂದು ಅರ್ಧ ಸೌಟು ಹಾಕುವುದನ್ನು ಕಲಿತು ಹೋಗಬೇಕಾಗಿ, ಮತ್ತು ಎಣ್ಣೆಯ ಬಾಕಿಗೆ ಸಂಜೆಯವರೆಗೆ ಕಾಯುವ ಒಂದು ಗುಂಡಿಯನ್ನು ಮೈಮೇಲೆ ಎಲ್ಲಾದರೂ ಮೂಡಿಸಿಕೊಳ್ಳಬೇಕಾಗಿ ಪ್ರಾರ್ಥನೆ. ಲಾಭಕ್ಕೆ ಮೋಸವಾಗದು, ನನ್ನ ಮಾತು ನಂಬಿ.

ಅಳತೆಗೂ ಮೇಲೆ ಒಂದು ಹನಿ ಗೌರವ ಸೇರಿಸಿ,
ತಮ್ಮ ವಿಶ್ವಾಸಿ,
ಪೆರ್ಪೆತುವಾ (ಅಲಿಂಗ್ ಪೆತಾಂಗ್)
ತಲಬಾ ಗಲ್ಲಿ, ನವೋತಾಸ್

ತಾ.ಕ. (ಇದು ಪತ್ರದ ಕೊಸರು): ತಮ್ಮ ನಲ್ಲಿಗೆ ಯಾರ ಕೈಯೂ ತಾಗದಿರಲೆಂದು ಹಳೆಯ ಲಂಗ ಸುತ್ತಿದ್ದೆವು, ಆದರೂ ನಿನ್ನೆ ನಾಣ್ಯದ ಪೆಟ್ಟಿಗೆ ಖಾಲಿ ಮಾಡಲು ಬಂದ ಕಂಪನಿಯವರು ಅದನ್ನು ಬಿಚ್ಚಿ ಕಟ್ಟುವಾಗ ನಲ್ಲಿ ಅಲುಗಿ ನೆತ್ತಿಯ ಮೇಲೆ 'ಒಂದು' ಎಂದು ಬಂದಿದೆ. ಬಡತನದಿಂದ ಮೇಲೆ ಬಂದ ಆ ಒಂದು ಕುಟುಂಬ ಯಾವುದೆಂದು ಗಲ್ಲಿಯ ಮನೆಮನೆಗೂ ಹೋಗಿ ವಿಚಾರಿಸಿದೆ, ಯಾರೂ ಒಪ್ಪಿಕೊಳ್ಳಲಿಲ್ಲ. ಆದ್ದರಿಂದ ಅದು ತಮ್ಮ ಕಂಪನಿಯದೇ ಇರಬೇಕು. ಅಭಿನಂದನೆಗಳು.