ಕಾರಿಗೆ ಬಂದ ಸುಳ್ಳು ಜ್ವರ

ನರ್ಸನ್ನು ಮದುವೆಯಾದ ಗಂಡಸಿಗೆ ಸುಳ್ಳು ಜ್ವರ ಬರಿಸಿಕೊಳ್ಳುವ ಸೌಭಾಗ್ಯವಿಲ್ಲ. ನನ್ನ ಹೆಂಡತಿ ಬೃಂದಾ ಥರ್ಮಾಮೀಟರನ್ನೇ ನಂಬುವವಳಲ್ಲ; ಹಣೆ ಮುಟ್ಟಿ, "ಏನೂ ಇಲ್ಲ, ಏಳಿ" ಎಂದು ತೀರ್ಪು ಕೊಡುತ್ತಾಳೆ. (ಮೇಲ್ಮನವಿಗೆ ಅವಕಾಶವಿಲ್ಲ.) ಆದರೆ ಕಾರಿನ ಜ್ವರಕ್ಕೂ ಅವಳೇ ತೀರ್ಪು ಕೊಡಲು ಬಂದರೆ ಗಂಡನಾದವನು ಸಹಿಸಬೇಕೆ?

ಏಪ್ರಿಲ್ ಕೊನೆಯ ಭಾನುವಾರ. ಕೆ.ಆರ್. ಪುರದಲ್ಲಿ ಅತ್ತೆಯವರ ತಂಗಿಯ ಮೊಮ್ಮಗಳಿಗೆ ನಾಮಕರಣ. ಹನ್ನೊಂದಕ್ಕೆ ಮುಹೂರ್ತ, ತೊಟ್ಟಿಲು ನಮ್ಮ ಕಾರಿನಲ್ಲಿ. ನನ್ನ ಪಕ್ಕದಲ್ಲಿ ಅತ್ತೆ ಆಂಜನಮ್ಮನವರು, ಹಿಂದೆ ತೊಟ್ಟಿಲನ್ನು ತಬ್ಬಿಕೊಂಡು ಬೃಂದಾ. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯನ್ನೂ ದಾಟಿರಲಿಲ್ಲ, ಎಂಜಿನ್ನಿನ ಶಾಖ ತೋರಿಸುವ ಮುಳ್ಳು ಕೆಂಪು ಗೆರೆಗೆ ಹೋಗಿ ನಿಂತಿತು.

"ಅಯ್ಯೋ, ಎಂಜಿನ್ ಕುದೀತಿದೆ!" ಎಂದೆ.

"ಸ್ಟಾರ್ಟ್ ಮಾಡಿ ಎರಡು ನಿಮಿಷ ಆಗಿಲ್ಲ, ಹೆಂಗ್ರೀ ಕುದಿಯುತ್ತೆ? ಹಾಲೂ ಅಷ್ಟು ಬೇಗ ಉಕ್ಕಲ್ಲ," ಎಂದಳು ಬೃಂದಾ.

"ಮೀಟರ್ ತೋರಿಸ್ತಿದೆಯಲ್ಲೇ!"

"ಮೀಟರಿಗೆ ಸುದ್ದಿ ಕೊಡೋನೇ ಸುಳ್ಳುಗಾರ ಇರ್ಬೇಕು."

ನಾನು ಭೂಗೋಳದ ಮೇಷ್ಟ್ರು. ಸಹಾರಾ ಮರುಭೂಮಿಯನ್ನು ವರ್ಷವರ್ಷವೂ ಪಾಠ ಮಾಡುವವನಿಗೆ ಉಷ್ಣಾಂಶದ ಪಾಠವೇ! ಎಂಜಿನ್ ಕಾದರೆ ಹೀಟರ್ ಹಾಕಬೇಕು, ಬಿಸಿಯೆಲ್ಲ ಕಾರಿನೊಳಕ್ಕೆ ಬಂದು ಎಂಜಿನ್ ಉಳಿಯುತ್ತದೆ ಎಂದು ನಮ್ಮ ಪಿ.ಟಿ. ಮೇಷ್ಟ್ರು ಒಮ್ಮೆ ಹೇಳಿದ್ದರು. (ಒಳಗಿದ್ದವರ ಗತಿಯೇನೆಂದು ಹೇಳಿರಲಿಲ್ಲ.) ಎ.ಸಿ. ಆರಿಸಿ ಹೀಟರನ್ನು ಪೂರ್ತಿ ತಿರುಗಿಸಿದೆ.

ಬೃಂದಾ ಹಿಂದಿನಿಂದ ಕೈ ಚಾಚಿ ಗಾಳಿಯನ್ನು ಮುಟ್ಟಿ ನೋಡಿದಳು. "ತಣ್ಣಗಿದೆ. ಎಂಜಿನ್ ಕಾದಿದ್ರೆ ಬಿಸಿಗಾಳಿ ಬರ್ಬೇಕಿತ್ತಲ್ಲ?"

"ಬರುತ್ತೆ, ತಾಳು."

ಬಂತು. ಟಿನ್ ಫ್ಯಾಕ್ಟರಿ ಬಳಿಯ ಟ್ರಾಫಿಕ್ ಜಾಮಿನಲ್ಲಿ ಸಿಕ್ಕಿಕೊಂಡ ಹೊತ್ತಿಗೆ ಸಹಾರಾ ಪರಿವಾರ ಸಮೇತ ಒಳಗೆ ಬಂತು.

"ನೋಡಿದ್ಯಾ!" ಎಂದು ವಿಜಯೋತ್ಸಾಹದಿಂದ ಕೂಗಿದೆ.

"ಅರ್ಧ ಗಂಟೆ ಓಡಿದ್ರೆ ಯಾವ ಎಂಜಿನ್ ಬಿಸಿಯಾಗಲ್ಲ ರೀ?"

ಅತ್ತೆಯವರ ಮುಡಿಯ ಮಲ್ಲಿಗೆ ಕಂದುಬಣ್ಣಕ್ಕೆ ತಿರುಗಿತು. ಅವರು ಮಾತ್ರ ಕಣ್ಣು ಮುಚ್ಚಿ ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದರು. ಅದು ಕೋಪವೆಂದುಕೊಂಡು ನಾನು ಬಿಸಿಗಿಂತ ಹೆಚ್ಚು ಬೆವೆತೆ. ಮುಹೂರ್ತಕ್ಕೆ ಹತ್ತು ನಿಮಿಷ ಮುಂಚೆ ತಲುಪಿದೆವು. ತೊಟ್ಟಿಲು ಇಳಿಸಿಕೊಳ್ಳಲು ಬಂದವರು ನಮ್ಮನ್ನು ನೋಡಿ, "ದಾರೀಲಿ ಮಳೇನಾ?" ಎಂದು ಕೇಳಿದರು.

ಸಂಜೆ ನಾಲ್ಕಕ್ಕೆ ಅದೇ ಬೀದಿಯ ಮೆಕ್ಯಾನಿಕ್, ಯಾದಗಿರಿ ಕಡೆಯ ಮಾನಪ್ಪ ಬಂದ. ನಾನು ರೋಗದ ಲಕ್ಷಣಗಳನ್ನು ಸವಿಸ್ತಾರವಾಗಿ ವರ್ಣಿಸತೊಡಗಿದೆ. ಬೃಂದಾ ಬಾನೆಟ್ ಮೇಲೆ ಅಂಗೈಯಿಟ್ಟು ನೋಡಿ, ಅಡ್ಡ ಬಾಯಿ ಹಾಕಿದಳು: "ಎಂಜಿನ್ ತಣ್ಣಗಾಗಿದೆ. ಸ್ಟಾರ್ಟ್ ಮಾಡ್ಬೇಡಪ್ಪ, ಬರೀ ಕೀ ತಿರುಗಿಸು."

ತಿರುಗಿಸಿದ. ಮುಳ್ಳು ನೆಗೆದು ಕೆಂಪಿಗೆ ಹೋಯಿತು.

"ಐದು ತಾಸು ನೆರಳಾಗ ಮಲಗಿದ ಗಾಡಿ ಹೆಂಗ ಕಾಯ್ತದ್ರೀ ಸರ?" ಎನ್ನುತ್ತ ಮಾನಪ್ಪ ಬಾನೆಟ್ ಎತ್ತಿ, ಸೆನ್ಸರಿನ ವೈರು ಕಿತ್ತ. ಮುಳ್ಳು ತೆಪ್ಪಗೆ ಕೆಳಗಿಳಿಯಿತು. "ಶಾಖ ಅಳೆಯೋ ಸೆನ್ಸರ್ ಕೆಟ್ಟದ. ಎಂಜಿನ್ ಗುಂಡುಕಲ್ಲಿನಂಗ ಅದ. ಅಕ್ಕಾರ, ನೀವು ಯಾವ ಗ್ಯಾರೇಜಿನಾಗ ಇದ್ರಿ?"

"ಐ.ಸಿ.ಯು.ನಲ್ಲಿ," ಎಂದಳು ಬೃಂದಾ.

ಹೊಸ ಸೆನ್ಸರ್ ಬಂತು. ವಾಪಸು ಬರುವಾಗ ಮುಳ್ಳು ಮದುಮಗಳಂತೆ ನಡುವೆ ತಲೆತಗ್ಗಿಸಿ ಕೂತಿತ್ತು. ಎ.ಸಿ. ತಂಪಾಗಿ ಬೀಸುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡು ಕ್ಷಮಾಪಣೆಗೆ ಪೀಠಿಕೆ ಹಾಕುವಷ್ಟರಲ್ಲಿ ಅತ್ತೆಯವರೇ ಬಾಯಿ ತೆರೆದರು.

"ಅಳಿಯಂದ್ರೇ, ಬೆಳಗ್ಗೆ ಹಾಕಿದ್ರಲ್ಲ ಬಿಸಿಗಾಳಿ, ಅದನ್ನೇ ಹಾಕಿ. ಆರು ವರ್ಷದ ಮೊಣಕಾಲು ನೋವು, ಯಾವ ಎಣ್ಣೆಗೂ ಬಗ್ಗಿರ್ಲಿಲ್ಲ. ಇವತ್ತು ನೆಲದ ಮೇಲೆ ಕೂತು, ಯಾರ ಕೈಯೂ ಹಿಡೀದೆ ಎದ್ದೆ!"

ಕಾಪಾಡು ಎಂಬಂತೆ ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿದೆ.

"ಕೀಲು ನೋವಿಗೆ ಶಾಖ ಒಳ್ಳೇದೇ ರೀ," ಎಂದಳು ನರ್ಸಮ್ಮ. "ದಿನಾ ಅರ್ಧ ಗಂಟೆ ಕೊಡಿ."

ಈಗ ಈ ಮೇ ತಿಂಗಳಲ್ಲಿ ದಿನವೂ ಸಂಜೆ ಹಲಸೂರು ಕೆರೆಯವರೆಗೆ ಹೋಗಿ ಬರುತ್ತೇವೆ. ಕಿಟಕಿ ಇಳಿಸುವಂತಿಲ್ಲ, ಶಾಖ ಹೊರಗೆ ಹೋಗುತ್ತದೆ. ಬೃಂದಾಗೆ ಸರಿಯಾಗಿ ಅದೇ ಹೊತ್ತಿಗೆ ಡ್ಯೂಟಿ ಇರುತ್ತದೆ. ನಿನ್ನೆ ನಾನು ಟವೆಲ್ ಹೆಗಲಿಗೆ ಹಾಕಿಕೊಂಡು ಕೆಳಗಿಳಿದಾಗ ಪಕ್ಕದ ಮನೆಯ ಶೇಷಮ್ಮನವರೂ ಹಿಂದಿನ ಸೀಟಿನಲ್ಲಿ ಕೂತಿದ್ದರು. ಅವರಿಗೆ ಸೊಂಟ ನೋವಂತೆ.