ಸಮುದ್ರದ ಎಣ್ಣೆಗೆ ಹಿತ್ತಲಲ್ಲಿ ಮಾದರಿ

ಕೊಟ್ಟೂರಪ್ಪ: ಒಂದು ಸಹಿ ಕೇಳಿದ್ದಕ್ಕೆ ಇಷ್ಟು ಮಾತಾ? ನಾನೇನು ನಿನ್ನ ಕಿಡ್ನಿ ಕೇಳಿದ್ನಾ?

ಮಂಜುಳಮ್ಮ: ಕಿಡ್ನಿ ಎರಡಿರ್ತಾವಂತೆ ರೀ. ಪಾಸ್‌ಬುಕ್ ಒಂದೇ ಇರೋದು.

(ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆ. ಚಳ್ಳಕೆರೆ. ಕೊಟ್ಟೂರಪ್ಪನ ಶೇಂಗಾ ಎಣ್ಣೆ ಮಿಲ್ಲು ಮುಚ್ಚಿ ನಾಲ್ಕು ವರ್ಷವಾಗಿದೆ. ಮಂಜುಳಮ್ಮನ ಶೇಂಗಾ ಚಟ್ನಿಪುಡಿ ಮಾತ್ರ ಹನ್ನೊಂದು ವರ್ಷದಿಂದ ಊರಿನ ಅಂಗಡಿಗಳಿಗೆ ಹೋಗುತ್ತಿದೆ. ಅದರಿಂದ ಕೂಡಿದ ನಲವತ್ತು ಸಾವಿರ ಪೋಸ್ಟಾಫೀಸಿನಲ್ಲಿದೆ. ಈಗ ಆಕೆ ನೆಲಕ್ಕೆ ಕೂತು ಒರಳಿನಲ್ಲಿ ಹೂರಣ ರುಬ್ಬುತ್ತಿದ್ದಾಳೆ. ಗಂಡ ಪೆನ್ನು ಹಿಡಿದು ಒರಳಿನ ಸುತ್ತ ತಿರುಗುತ್ತಿದ್ದಾನೆ.)

ಕೊಟ್ಟೂರಪ್ಪ: ಆಂಧ್ರದ ಕಡಲಿನಾಗೆ ಎಣ್ಣೆ ಬಾವಿ ಕೊರೀತಾರೆ ಕಣೇ. ಎಣ್ಣೆ ಜೊತಿಗೆ ಗ್ಯಾಸೂ ಬರ್ತೈತೆ. ಚಳ್ಳಕೆರೆ, ಮೊಳಕಾಲ್ಮುರು ಎರಡು ತಾಲ್ಲೂಕಿನ ಬಂಡವಾಳ ಎತ್ತೋ ಜವಾಬ್ದಾರಿ ಕಂಪನಿಯೋರು ನನಗೆ ಕೊಟ್ಟಾರೆ. ನಾನು ಡೈರೆಕ್ಟರ್!

ಮಂಜುಳಮ್ಮ: ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಒಂದು ಕೊಡ ನೀರು ಎತ್ತಿದೋರಲ್ಲ, ಎರಡು ತಾಲ್ಲೂಕಿನ ಬಂಡವಾಳ ಎತ್ತೀರಾ?

ಕೊಟ್ಟೂರಪ್ಪ: ಇವತ್ತು ಇಪ್ಪತ್ತು ಜನ ಊಟಕ್ಕೆ ಬರ್ತಾರೆ. ಅವರೆಲ್ಲ ಒಂದೇ ಮಾತು ಹೇಳ್ತಾರೆ, ಮೊದಲು ನಿಮ್ಮ ಮನೆ ದುಡ್ಡು ಬೀಳಲಿ ಅಂತ.

ಮಂಜುಳಮ್ಮ: ಬೀಳಿಸ್ರಿ.

ಕೊಟ್ಟೂರಪ್ಪ: ನಂದೆಲ್ಲೈತೆ?

ಮಂಜುಳಮ್ಮ: ಹಂಗಾದ್ರೆ ಅದು ಮನೆ ದುಡ್ಡಲ್ಲ, ನನ್ನ ದುಡ್ಡು. ಅದಕ್ಕೆ ಹಿತ್ತಲಾಗೆ ಬೋರು ಹಾಕಿಸ್ತೀನಿ ಅಂತ ಹೋದ ವರ್ಷಾನೇ ಹೇಳೀನಿ. ನಲ್ಲಿ ನೀರು ಎಂಟು ದಿನಕ್ಕೊಂದು ಸಲ. ಮೂಲೆ ಕೈಪಂಪಿನಿಂದ ದಿನಕ್ಕೆ ಹದಿನಾಲ್ಕು ಕೊಡ. ಇವತ್ತು ನಿಮ್ಮ ಇಪ್ಪತ್ತು ಜನ ಕೈ ತೊಳೆಯೋಕೆ ಇನ್ನಾರು ಕೊಡ.

ಕೊಟ್ಟೂರಪ್ಪ: ಬೋರು ಹಾಕಿಸಿ ನೀರು ಬರ್ದಿದ್ರೆ? ದುಡ್ಡು ಮಣ್ಣುಪಾಲು!

ಮಂಜುಳಮ್ಮ: ಸಮುದ್ರದಾಗೆ ಎಣ್ಣೆ ಬರ್ದಿದ್ರೆ?

ಕೊಟ್ಟೂರಪ್ಪ: ಅದು ಬೇರೆ. ಅದಕ್ಕೆ ಡ್ರೈ ಹೋಲ್ ಅಂತಾರೆ. ಅಂದ್ರೆ ಒಣಗಿದ ತೂತು.

ಮಂಜುಳಮ್ಮ: ಸಮುದ್ರದ ನಡುವೆ ಒಣಗಿದ ತೂತಾ?

ಕೊಟ್ಟೂರಪ್ಪ: ನಿನಗೆ ಇವೆಲ್ಲ ತಿಳಿಯಲ್ಲ.

ಮಂಜುಳಮ್ಮ: ತಿಳೀತು ಬಿಡ್ರಿ. ನನ್ನ ದುಡ್ಡು ಹೋದ್ರೆ ಮಣ್ಣುಪಾಲು, ಕಂಪನಿಯೋರ ಕೈಯಾಗೆ ಹೋದ್ರೆ ಡ್ರೈ ಹೋಲು.

(ಕರೀಂ ಸಾಬ್ ಬಂದ. ಮಿಲ್ಲು ನಡೆಯುತ್ತಿದ್ದ ಕಾಲದಿಂದ ಕೊಟ್ಟೂರಪ್ಪನ ಮೆಕ್ಯಾನಿಕ್, ಈಗ ಇಪ್ಪತ್ತು ಷೇರುದಾರರಲ್ಲಿ ಒಬ್ಬ. ಎಲ್ಲರ ಪರವಾಗಿ ಪ್ರಶ್ನೆ ಕೇಳಲು ಉಳಿದವರು ಅವನನ್ನು ಊಟಕ್ಕೆ ಒಂದು ಗಂಟೆ ಮೊದಲೇ ಕಳಿಸಿದ್ದರು.)

ಕರೀಂ ಸಾಬ್: ಸಾವ್ಕಾರ್ರೇ, ಎಲ್ರದೂ ಒಂದೇ ಅನುಮಾನ ಐತೆ. ಎಣ್ಣೆ ಕಂಪನಿಗೆ ಹೋಯ್ತು ಅಂತಿಟ್ಕೊಳ್ರಿ. ಹಿಂಡಿ ಯಾರಿಗೆ?

ಕೊಟ್ಟೂರಪ್ಪ: ಭಲೇ! ನಾನೂ ಅದನ್ನೇ ಕೇಳ್ದೆ. ಮಿಲ್ ನಡೆಸಿದೋನು ಹಿಂಡಿ ಬಿಡ್ತಾನೇನು? ಕಂಪನಿಯ ಬಳ್ಳಾರಿ ಏಜೆಂಟು ಫೋನ್‌ನಾಗೆ ಖಡಾಖಂಡಿತವಾಗಿ ಹೇಳಿದ, ಹಿಂಡಿ ಪೂರ್ತಿ ಷೇರುದಾರರಿಗೇ ಅಂತ.

ಕರೀಂ ಸಾಬ್: ವಾಹ್! ಹಂಗಾದ್ರೆ ನನ್ನ ಎರಡು ಎಮ್ಮೆಗೆ ಚಿಂತಿಲ್ಲ.

ಮಂಜುಳಮ್ಮ: ಸಾಬ್ರೇ, ರೇಷನ್ ಅಂಗಡಿಯಿಂದ ಸೀಮೆಎಣ್ಣೆ ತರ್ತೀರಲ್ಲ, ಅದರ ಹಿಂಡಿ ಯಾವತ್ತಾದ್ರೂ ಯಾರಾದ್ರೂ ಮಾರಿದ್ದು ನೋಡೀರಾ?

(ಕೊಟ್ಟೂರಪ್ಪ ಪೆನ್ನಿನ ತುದಿ ಕಚ್ಚಿದ.)

ಕೊಟ್ಟೂರಪ್ಪ: ಅದನ್ನ ಸರ್ಕಾರದೋರು ಇಟ್ಕೊಳ್ತಾರೆ.

ಕರೀಂ ಸಾಬ್: ಹೌದಕ್ಕಾರೆ, ಸರ್ಕಾರದೋರು ಏನು ಬಿಡ್ತಾರೆ?

(ಬಾಗಿಲಲ್ಲಿ ಕೆಮ್ಮು ಕೇಳಿಸಿತು. ತಳಕಿನ ಓಬಯ್ಯ. ನೀರಿನ ಪಾಯಿಂಟ್ ತೋರಿಸುವವನು, ಮಾತಿನಲ್ಲಿ ತೆಲುಗು ಬೆರೆಸುವವನು. ಅಂಗೈಯ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುತ್ತಾನೆ. ಕಾಯಿ ಎಲ್ಲಿ ನೆಟ್ಟಗೆ ನಿಲ್ಲುತ್ತದೋ ಅಲ್ಲಿ ಬೋರು. ಅವನು ತೋರಿಸದೆ ಈ ಸೀಮೆಯಲ್ಲಿ ಯಾರೂ ಬೋರ್ ಲಾರಿಗೆ ಫೋನು ಮಾಡುವುದಿಲ್ಲ.)

ಮಂಜುಳಮ್ಮ: ಅಯ್ಯೋ, ಓಬಯ್ಯ! ಏನ್ರಿ, ಬೋರಿಗೆ ಒಪ್ಪಿದ್ರಾ?

ಕೊಟ್ಟೂರಪ್ಪ: ನಿನ್ನ ಬೋರಿಗಲ್ಲ. ಕಂಪನಿ ವಿಜ್ಞಾನಿ ಯಾರೋ ಏನೋ, ಅವನ ಮಾತು ಯಾವನು ನಂಬ್ತಾನೆ? ಓಬಯ್ಯ ಹ್ಞೂಂ ಅಂದ್ರೆ ಎರಡು ತಾಲ್ಲೂಕು ನಂಬ್ತೈತೆ. ಲೇ ಓಬಯ್ಯ, ಬಾ ಒಳಗೆ.

(ಕಂಪನಿಯವರು ಕಳಿಸಿದ ದೊಡ್ಡ ನಕ್ಷೆಯನ್ನು ನಡುಮನೆಯಲ್ಲಿ ಹಾಸಿ ನಾಲ್ಕು ಮೂಲೆಗೂ ನಾಲ್ಕು ಚಟ್ನಿಪುಡಿ ಡಬ್ಬಿ ಇಟ್ಟರು. ಓಬಯ್ಯ ಚಪ್ಪಲಿ ಬಿಟ್ಟು, ನಕ್ಷೆಗೆ ಕೈಮುಗಿದು, ಕಾಯಿ ಹಿಡಿದು ಹತ್ತಿದ. ಹೆಜ್ಜೆಗೆ ಮೂರು ಜಿಲ್ಲೆ ಮುಚ್ಚುವ ಪಾದ. ಅನಂತಪುರ ತುಳಿದ, ನೆಲ್ಲೂರು ದಾಟಿದ. ಕಾಯಿ ಮಲಗೇ ಇತ್ತು. ಕಡಲಿಗೆ ಇಳಿದ. ಕಾಯಿ ಸಟ್ಟನೆ ಎದ್ದು ನಿಂತಿತು.)

ಕರೀಂ ಸಾಬ್: ಯಾ ಅಲ್ಲಾ!

ಕೊಟ್ಟೂರಪ್ಪ: ನೋಡಿದ್ಯಾ? ಸರಿಯಾಗಿ ಕಂಪನಿಯೋರು ಕೆಂಪು ಗೀಟು ಹಾಕಿದ ಜಾಗ! ತಗಾ ಪೆನ್ನು.

(ಮಂಜುಳಮ್ಮ ಪೆನ್ನು ತೆಗೆದುಕೊಳ್ಳಲಿಲ್ಲ. ಕೈಗಂಟಿದ ಹೂರಣವನ್ನು ಒರಳಿನ ಅಂಚಿಗೆ ಸವರಿ ಎದ್ದು ಬಂದಳು.)

ಮಂಜುಳಮ್ಮ: ಮಂಡಿಯಾಗೆ ಚೀಲಕ್ಕೆ ಕೈ ಹಾಕಿ, ನಾಲ್ಕು ಕಾಯಿ ಒಡೆದು, ಬೀಜ ಉಜ್ಜಿ, ಬಾಯಿಗೆ ಹಾಕ್ಕೊಂಡು ನೋಡ್ದೆ ಯಾವತ್ತಾದ್ರೂ ಶೇಂಗಾ ಕೊಂಡೀರಾ ನೀವು?

ಕೊಟ್ಟೂರಪ್ಪ: ಛೇ! ಮಾದರಿ ನೋಡ್ದೆ ಕೊಳ್ಳೋಕೆ ನಾನೇನು ಮೊನ್ನೆ ಹುಟ್ಟಿದೋನಾ?

ಮಂಜುಳಮ್ಮ: ಓಬಯ್ಯನ ಮಾದರಿ ಎಲ್ಲೈತೆ?

ಕೊಟ್ಟೂರಪ್ಪ: ಅಂದ್ರೆ?

ಮಂಜುಳಮ್ಮ: ಸಮುದ್ರ ದೂರ ಐತೆ. ಇವನ ಕಾಯಿ ಖರೇನೋ ಸುಳ್ಳೋ ಇಲ್ಲೇ ನೋಡಾಣ. ನಮ್ಮ ಹಿತ್ತಲಾಗೆ ಪಾಯಿಂಟ್ ತೋರಿಸಲಿ, ಬೋರು ಹಾಕಿಸ್ರಿ. ನೀರು ಬರ್ಲಿಲ್ಲ ಅಂದ್ರೆ ಇಪ್ಪತ್ತು ಜನದ ಬಂಡವಾಳ ಉಳೀತು. ಬಂತು ಅಂದ್ರೆ ಓಬಯ್ಯನ ಕಾಯಿ ಖರೆ. ಅದು ಏನು ಹೇಳ್ತೈತೋ ಅದನ್ನೇ ನಂಬಿ ನಾನು ಸಹಿ ಮಾಡ್ತೀನಿ.

ಕರೀಂ ಸಾಬ್: ಅಕ್ಕಾರು ಹೇಳೋದು ಬರೋಬ್ಬರ್ ಐತೆ ಸಾವ್ಕಾರ್ರೇ. ಮಾದರಿ ಬೇಕು.

ಕೊಟ್ಟೂರಪ್ಪ: ಬೋರಿಗೆ ದುಡ್ಡು?

ಮಂಜುಳಮ್ಮ: ಇಪ್ಪತ್ತು ಜನದ ಹತ್ರ ತಲಾ ಒಂದೂವರೆ ಸಾವಿರ ಇಸ್ಕೊಂಡೀರಲ್ಲ, ಪರೀಕ್ಷೆ ಖರ್ಚು ಅಂತ ರಸೀದಿ ಹರಿದು? ಇದಕ್ಕಿಂತ ದೊಡ್ಡ ಪರೀಕ್ಷೆ ಇನ್ಯಾವುದು?

ಕೊಟ್ಟೂರಪ್ಪ: ಅದು ಏಜೆಂಟಿಗೆ ಕಳಿಸೋ ದುಡ್ಡು ಕಣೇ!

ಕರೀಂ ಸಾಬ್: ರಸೀದಿಯಾಗೆ ಏಜೆಂಟ್ ಅಂತ ಇಲ್ಲ ಸಾವ್ಕಾರ್ರೇ. ಪರೀಕ್ಷೆ ಅಂತಾನೇ ಐತೆ.

(ಹಿತ್ತಲು. ಓಬಯ್ಯ ಕಾಯಿ ಹಿಡಿದು ನಿಂತ.)

ಓಬಯ್ಯ: ಎಕ್ಕಡಿಂದ ಶುರು ಮಾಡ್ಲಿ ಅಮ್ಮಾ?

ಮಂಜುಳಮ್ಮ: ಆ ಬಟ್ಟೆ ಒಗೆಯೋ ಕಲ್ಲಿನತ್ರದಿಂದ ಮಾಡಪ್ಪ. ಊಟಕ್ಕೆ ಹೋಳಿಗೆ ಐತೆ, ಅವಸರ ಏನಿಲ್ಲ.

(ಓಬಯ್ಯ ಮೂರು ಹೆಜ್ಜೆ ಇಟ್ಟ. ಕಾಯಿ ನಿಂತಿತು.)

ಕೊಟ್ಟೂರಪ್ಪ: ಇಷ್ಟು ಬೇಗ?

ಓಬಯ್ಯ: ನೀಳ್ಳು ದಂಡಿಯಾಗಿ ಐತೆ ಸಾವ್ಕಾರ್ರೇ.

(ಇಪ್ಪತ್ತು ಜನ ಬಂದರು. ತಲಾ ಆರು ಹೋಳಿಗೆ ತಿಂದರು. ಬಾಯಿ ತುಂಬಿದ್ದರಿಂದ ಯಾರೂ ವಿರೋಧಿಸಲಿಲ್ಲ. ಬುಧವಾರ ಬೋರ್ ಲಾರಿ ಬಂದು ಹಿತ್ತಲ ಗೋಡೆಯ ಒಂದು ಮೂಲೆ ಕೆಡವಿ ಒಳಗೆ ನುಗ್ಗಿತು. ನೂರು ಅಡಿಯವರೆಗೂ ಧೂಳು. ನೂರೈವತ್ತಕ್ಕೂ ಧೂಳು. ಮಂಜುಳಮ್ಮ ಒಗೆಯುವ ಕಲ್ಲಿನ ಮೇಲೆ ಕೂತು ಸೆರಗು ಮೂಗಿಗೆ ಹಿಡಿದು ನೋಡುತ್ತಲೇ ಇದ್ದಳು. ಇನ್ನೂರ ನಲವತ್ತಕ್ಕೆ ಬೂದು ಕೆಸರು ಚಿಮ್ಮಿತು, ಅದರ ಹಿಂದೆಯೇ ನೀರು. ಕೊಟ್ಟೂರಪ್ಪ ಒದ್ದೆ ಪಂಚೆಯಲ್ಲಿ ಕುಣಿದ.)

ಕೊಟ್ಟೂರಪ್ಪ: ಬಂತು! ಓಬಯ್ಯನ ಕಾಯಿ ಖರೆ! ಕರೀಂ ಸಾಬ್, ನೀನೇ ಸಾಕ್ಷಿ. ಎಲ್ಲೈತೆ ಪಾಸ್‌ಬುಕ್?

ಮಂಜುಳಮ್ಮ: ಸೆರಗಿನಾಗೇ ಐತೆ. ಮಾತಿಗೆ ತಪ್ಪೋಳಲ್ಲ ನಾನು. ಓಬಯ್ಯ, ಬಾರಪ್ಪ ಇಲ್ಲಿ. ನಿನ್ನ ಕಾಯಿ ನಿಂತ್ರೆ ಏನಂತ ಅರ್ಥ?

ಓಬಯ್ಯ: ಕೆಳಗೆ ನೀರೈತೆ ಅಂತ.

ಮಂಜುಳಮ್ಮ: ಸುಳ್ಳಾಗಲ್ವಾ?

ಓಬಯ್ಯ: ನಮ್ಮಪ್ಪನ ಕಾಲದಿಂದ ಆಗಿಲ್ಲಮ್ಮಾ.

ಮಂಜುಳಮ್ಮ: ಅವತ್ತು ನಕ್ಷೆ ಮ್ಯಾಲೆ ಸಮುದ್ರದಾಗೆ ನಿಂತಿತಲ್ಲ, ಅದಕ್ಕೇನು ಅರ್ಥ?

ಓಬಯ್ಯ: ಅಲ್ಲೂ ನೀಳ್ಳೇ ಕದಮ್ಮಾ.

(ಕರೀಂ ಸಾಬ್ ಟೋಪಿ ತೆಗೆದು ತಲೆ ಕೆರೆದುಕೊಂಡ.)

ಕೊಟ್ಟೂರಪ್ಪ: ಲೇ! ಎಣ್ಣೆ ಅಂದಿದ್ಯಲ್ಲೋ ಅವತ್ತು?

ಓಬಯ್ಯ: ನಾನೆಲ್ಲಂದೆ? ನೀವೇ ಅಂದ್ರಿ. ಕರೆಸ್ದಾಗ ನಿಂತ್ರೆ ಸಾಕು ಅಂತ ಹೇಳಿದ್ರಿ, ನಿಲ್ತು.

ಮಂಜುಳಮ್ಮ: ಓಬಯ್ಯನ ಕಾಯಿ ಖರೇನೇ ಹೇಳೈತೆ. ಆಂಧ್ರದ ಕಡಲಿನಾಗೆ ನೀರೈತಂತೆ. ಅದನ್ನ ನಾನು ಪೂರ್ತಿ ನಂಬ್ತೀನಿ. ಸಹಿ ಎಲ್ಲಿ ಹಾಕ್ಲಿ?

ಕರೀಂ ಸಾಬ್: ಸಾವ್ಕಾರ್ರೇ, ಸಮುದ್ರದ ನೀರಿಗೆ ನಮ್ಮ ದುಡ್ಡು ಬ್ಯಾಡ. ವಾಪಸ್ ಕೊಡ್ರಿ, ಎಲ್ರಿಗೂ ಹೇಳ್ತೀನಿ.

ಕೊಟ್ಟೂರಪ್ಪ: ವಾಪಸ್ ಎಲ್ಲಿಂದ ಕೊಡ್ಲಿ? ಪೂರ್ತಿ ಈ ತೂತಿನಾಗೈತೆ!

ಮಂಜುಳಮ್ಮ: ಗಾಬರಿ ಆಗ್ಬ್ಯಾಡ್ರಿ ಸಾಬ್ರೇ. ಬಂಡವಾಳ ಹಾಕೀರಿ, ಬಾವಿ ಬಿದ್ದೈತೆ. ನನ್ನ ನಲವತ್ತು ಸಾವಿರಕ್ಕೆ ಮೋಟರು, ಪೈಪು, ಒಂದು ಟ್ಯಾಂಕು. ಮೋಟರು ನೀವೇ ಇಳಿಸಿಕೊಡ್ರಿ, ಕೂಲಿ ಕೊಡ್ತೀನಿ. ಇಪ್ಪತ್ತು ಜನಕ್ಕೂ ಷೇರು ಖಾಯಂ. ದಿನಾ ಬೆಳಿಗ್ಗೆ ಆರರಿಂದ ಎಂಟು, ತಲಾ ನಾಲ್ಕು ಕೊಡ ಲಾಭ.

ಕೊಟ್ಟೂರಪ್ಪ: ನನಗೆ?

ಮಂಜುಳಮ್ಮ: ನೀವೆಷ್ಟು ಹಾಕೀರಿ?

(ಕೊಟ್ಟೂರಪ್ಪ ಲೆಕ್ಕ ಮಾಡುವವನಂತೆ ಆಕಾಶ ನೋಡಿದ.)

ಮಂಜುಳಮ್ಮ: ಇರ್ಲಿ, ನೀವು ಡೈರೆಕ್ಟರು. ಆರು ಗಂಟೆಗೆ ಎದ್ದು ಸ್ವಿಚ್ ಹಾಕ್ರಿ.

ಕರೀಂ ಸಾಬ್: ಎಂಟು ದಿನಕ್ಕೊಂದು ಸಲ ಬರೋ ನಲ್ಲಿಗಿಂತ ಲಾಖ್ ಪಟ್ಟು ವಾಸಿ ಅಕ್ಕಾರೆ! ಬೆಳಿಗ್ಗೆ ನಮ್ಮನೆಯಾಕೆ ಕುಬ್ರಾನ ಕಳಿಸ್ತೀನಿ.

ಮಂಜುಳಮ್ಮ: ರಸೀದಿ ಯಾರ ಹೆಸರಾಗೈತೆ?

ಕರೀಂ ಸಾಬ್: ನಂದೇ.

ಮಂಜುಳಮ್ಮ: ಹಂಗಾದ್ರೆ ನೀವೇ ಬರ್ಬೇಕು. ಇಪ್ಪತ್ತು ರಸೀದಿಯಾಗೂ ಒಂದು ಹೆಂಗಸಿನ ಹೆಸರಿಲ್ಲ, ನೋಡೀನಿ ನಾನು. ಲಾಭ ಷೇರುದಾರರ ಕೈಗೇ ಕೊಡೋದು. ಕಂಪನಿ ಅಂದ್ರೆ ಶಿಸ್ತು ಇರ್ಬೇಕಲ್ವಾ?

ಕರೀಂ ಸಾಬ್: ನಾನು ಕೊಡ ಹೊತ್ಕೊಂಡು ಬಜಾರ್‌ನಾಗೆ ಹೋಗೋದಾ? ಮಂಡಿ ಸಾವ್ಕಾರ್ರೆಲ್ಲ ಕೊಡ ಹೊರೋದಾ? ಜನ ಏನಂತಾರೆ ಅಕ್ಕಾರೆ?

ಮಂಜುಳಮ್ಮ: ಇಪ್ಪತ್ತೆರಡು ವರ್ಷ ಅದೇ ಬಜಾರ್‌ನಾಗೆ ನಾನು ಹೊತ್ತೀನಿ ಸಾಬ್ರೇ. ಒಬ್ಬನೂ ಏನೂ ಅನ್ಲಿಲ್ಲ.